ಹೌದು, ನನ್ನಲ್ಲೂ ಹೀಗೆಯೇ ಆಗುತ್ತಿದೆ

ಕೇಳುಗರಿಗೆ ನಮಸ್ಕಾರ.

2024ರ ಮಾರ್ಚ್ ತಿಂಗಳು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶವನ್ನು ಬೆಳೆಸುತ್ತಿರುವವರಲ್ಲಿ ಒಬ್ಬರಾದ ಆಂಡ್ರೆಸ್ ಫ್ರಾಯಿಂಡ್ ತಮ್ಮ ಕೆಲಸದ ವೇಗವನ್ನು ಅಳೆಯುತ್ತಿದ್ದರು. ಎಸ್‌ಎಸ್‌ಎಚ್ ಎಂಬ, ದೂರದ ಗಣಕದೊಳಗೆ ಸುರಕ್ಷಿತವಾಗಿ ಹೋಗುವ ಸಲಕರಣೆಯ ಮೂಲಕ ಲಾಗಿನ್ ಆಗುವಾಗ ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡ್ ಎಂದರೆ ನಾನು ಈಗ 'ಅರ್ಧ' ಎಂಬ ಪದವನ್ನು ಉಚ್ಚರಿಸಿದಷ್ಟು ಹೊತ್ತು. ಅವರು ಅದರ ಬೆನ್ನು ಹತ್ತಿದರು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಬೇಕೆಂದೇ ಅಡಗಿಸಿಟ್ಟಿದ್ದ ಕಳ್ಳಬಾಗಿಲು ಅವರಿಗೆ ಸಿಕ್ಕಿತು. ಮಾರ್ಚ್ 29ರಂದು ಅವರು ಅದನ್ನು ಜಗತ್ತಿಗೆ ತಿಳಿಸುವ ಹೊತ್ತಿಗೆ ಆ ಆವೃತ್ತಿಗಳು ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಗಳಾದ ಡೆಬಿಯನ್‌ನ ಅಸ್ಥಿರ ಶಾಖೆಯನ್ನು, ಫೆಡೋರಾದ ಬಿಡುಗಡೆಪೂರ್ವ ಆವೃತ್ತಿಯನ್ನು ತಲುಪಿದ್ದವು. ಡೆಬಿಯನ್‌ನ ಸ್ಥಿರ ಆವೃತ್ತಿಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ.

ಅವರನ್ನು ಯಾರೂ ಪರೀಕ್ಷಕರೆಂದು ನೇಮಿಸಿರಲಿಲ್ಲ. ಇನ್ನೂ ಹದಗೊಳ್ಳದ ತಂತ್ರಾಂಶವನ್ನು ತಮ್ಮ ನಿಜವಾದ ಕೆಲಸಕ್ಕೆ ಬಳಸುತ್ತಿದ್ದರು, ಅಷ್ಟೇ. ದಿನವೂ ಬಳಸುವವರ ಕೈಗೆ ಮಾತ್ರ ಅರ್ಧ ಸೆಕೆಂಡಿನ ಏರುಪೇರು ತಿಳಿಯುತ್ತದೆ. ಇಂಥ ಕೈಗಳನ್ನು ಒಂದೆಡೆ ಸೇರಿಸುವುದು ಹೇಗೆ, ಸೇರಿದವರು ಉಳಿಯುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ನನ್ನ ಮಾತು. ಬಿಡುಗಡೆಗೆ ಮುನ್ನ ತಂತ್ರಾಂಶವನ್ನು ಪರೀಕ್ಷಿಸುವ ಇಂಥದೊಂದು ಸ್ವಯಂಸೇವಕರ ಬಳಗದಲ್ಲಿ ಕೆಲವು ವರ್ಷಗಳಿಂದ ದುಡಿಯುತ್ತಿದ್ದೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮುಕ್ತ ತಂತ್ರಾಂಶವೊಂದು ಎಲ್ಲರ ಬಳಕೆಗೆ ಬರುವ ಮೊದಲು ಆಲ್ಫಾ, ಬೀಟಾ, ಬಿಡುಗಡೆಯ ಉಮೇದುವಾರ ಎಂಬ ಮೆಟ್ಟಿಲುಗಳನ್ನು ಹತ್ತುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಎಂದರೆ ಆ ವ್ಯವಸ್ಥೆಗಳ ತಿರುಳಿನಲ್ಲಿ, ಹೊಸ ಬದಲಾವಣೆಗಳಿಗೆ ಎರಡು ವಾರ ಬಾಗಿಲು ತೆರೆದಿರುತ್ತದೆ. ಅದು ಮುಚ್ಚಿದ ಮೇಲೆ ವಾರಕ್ಕೊಂದರಂತೆ ಏಳೆಂಟು ಉಮೇದುವಾರ ಆವೃತ್ತಿಗಳು ಹೊರಬರುತ್ತವೆ. ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್, ಎಂದರೆ ಸ್ಥಾಪಿಸಲು ಕಟ್ಟಿಟ್ಟ ತಂತ್ರಾಂಶ, ಮೊದಲು ಅಸ್ಥಿರ ಶಾಖೆಗೆ ಬಂದು, ತುರ್ತಿಗೆ ತಕ್ಕಂತೆ ಸಾಮಾನ್ಯವಾಗಿ 2ರಿಂದ 10 ದಿನ ಅಲ್ಲಿದ್ದು, ಗಂಭೀರ ದೋಷ ಕಾಣದಿದ್ದರೆ ಪರೀಕ್ಷಾ ಶಾಖೆಗೆ ದಾಟುತ್ತದೆ. ಆ ಹತ್ತು ದಿನಗಳಲ್ಲಿ ಯಾರೂ ಅದನ್ನು ಬಳಸದಿದ್ದರೆ ದೋಷ ಕಾಣುವುದಾದರೂ ಹೇಗೆ? ಗಡಿಯಾರ ಮಾತ್ರ ಓಡಿರುತ್ತದೆ, ಪರೀಕ್ಷೆ ನಡೆದಿರುವುದಿಲ್ಲ.

ತಂತ್ರಾಂಶ ಬರೆಯುವವರು ಪರೀಕ್ಷೆ ಮಾಡುವುದಿಲ್ಲವೆಂದಲ್ಲ, ಮಾಡುತ್ತಾರೆ. ಆದರೆ ಅವರ ಮೇಜಿನ ಮೇಲಿರುವುದು ಒಂದೆರಡು ಗಣಕ, ಅವರಿಗೆ ಬರುವುದು ಒಂದೆರಡು ಭಾಷೆ. ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್, ಬಲದಿಂದ ಎಡಕ್ಕೆ ಬರೆಯುವ ಲಿಪಿ, ಯಾರೂ ಹೆಸರು ಕೇಳಿರದ ಪ್ರಿಂಟರ್, ಇವೆಲ್ಲ ಹೊರಗಿನವರ ಬಳಿಯೇ ಇರುತ್ತವೆ. ನಮ್ಮ ಬಳಗದಲ್ಲಿ ದೃಷ್ಟಿಯಿಲ್ಲದ ಒಬ್ಬ ಸದಸ್ಯರಿದ್ದಾರೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವರು ಗಣಕ ಬಳಸುತ್ತಾರೆ. ಒಂದು ಬೀಟಾ ಆವೃತ್ತಿಯನ್ನು ನಾವೆಲ್ಲ ಎರಡು ವಾರ ಜಾಲಾಡಿ ಚೆನ್ನಾಗಿದೆ ಎಂದಿದ್ದೆವು. ಅವರು ತೆರೆದ ಐದನೆಯ ನಿಮಿಷದಲ್ಲಿ, 'ಇಲ್ಲಿ ನಾಲ್ಕು ಗುಂಡಿಗಳಿವೆ, ನಾಲ್ಕರ ಹೆಸರೂ ಬರಿಯ ಗುಂಡಿ ಎಂದೇ ಕೇಳಿಸುತ್ತಿದೆ' ಎಂದರು. ಅವುಗಳಲ್ಲಿ ಒಂದು, ಕಡತವನ್ನು ಅಳಿಸಿಹಾಕುವ ಗುಂಡಿ.

ಹಾಗಾಗಿ ಬಳಗ ಕಟ್ಟುವವರು ತಲೆ ಎಣಿಸುವುದಕ್ಕಿಂತ ಯಾರ ಬಳಿ ಏನಿದೆ, ಯಾರು ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದನ್ನು ನೋಡಬೇಕು. ಒಂದೇ ಬಗೆಯ ಗಣಕವಿರುವ ಇನ್ನೂರು ಜನರಿಗಿಂತ ಇಪ್ಪತ್ತು ಬಗೆಯ ಬಳಕೆಯ ಇಪ್ಪತ್ತು ಜನ ಮೇಲು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಇನ್ನು ದೋಷ ವರದಿಯ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಬಳಗ ಉಳಿಯುವುದೂ ಒಡೆಯುವುದೂ ಇಲ್ಲಿಯೇ. ಹೊಸಬರೊಬ್ಬರು ನಮ್ಮಲ್ಲಿ ಬರೆದ ಮೊದಲ ವರದಿ ಒಂದೇ ಸಾಲಿನದು: 'ಹೊಸ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಬರುತ್ತಿಲ್ಲ.' ಕನ್ನಡ ಬಾರದ ಅಭಿವರ್ಧಕ ಇದನ್ನು ಓದಿ ಏನು ಮಾಡಬಲ್ಲ? ಆದರೆ ಬರೆದವರು ಕಂಡದ್ದು ನಿಜ. ಅದನ್ನು ತಳ್ಳಿಹಾಕುವಂತಿಲ್ಲ. ನಾವು ಅವರನ್ನು ಕೇಳಿದೆವು: ಯಾವ ಪದ? ಟೈಪ್ ಮಾಡುವಾಗಲೇ ಹಾಗಾಗುತ್ತದೆಯೋ, ಆಮೇಲೋ? ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತೇ? ಎರಡು ದಿನದಲ್ಲಿ ಸಂಗತಿ ತಿಳಿಯಾಯಿತು. ಪದ 'ರ‍್ಯಾಂಕ್'. ರಕಾರ ಪೂರ್ತಿಯಾಗಿ ಬಂದು, ಅದರ ಕೆಳಗೆ ಯಕಾರದ ಒತ್ತು ಬರಬೇಕು. ಟೈಪ್ ಮಾಡಿದಾಗ ಹಾಗೆಯೇ ಬರುತ್ತಿತ್ತು. ಕಡತವನ್ನು ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ರಕಾರ ಮಾಯವಾಗಿ ಯಕಾರಕ್ಕೆ ಅರ್ಕಾವತ್ತು ಅಂಟಿಕೊಂಡಿರುತ್ತಿತ್ತು. ಈ ಎರಡು ರೂಪಗಳನ್ನು ಬೇರ್ಪಡಿಸುವುದು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಯುನಿಕೋಡ್ ಸಂಕೇತ. ಕಡತ ಉಳಿಸುವಾಗ ಹೊಸ ಆವೃತ್ತಿ ಅದನ್ನು ಕಸವೆಂದು ಗುಡಿಸಿ ಹಾಕುತ್ತಿತ್ತು.

ಈಗ ವರದಿ ಹೀಗಾಯಿತು: ಇಂಥ ಆವೃತ್ತಿ, ಇಂಥ ಕಾರ್ಯಾಚರಣ ವ್ಯವಸ್ಥೆ, ಇಂಥ ಫಾಂಟ್, ಈ ಪದವನ್ನು ಬರೆಯಿರಿ, ಉಳಿಸಿ, ಮುಚ್ಚಿ, ತೆರೆಯಿರಿ, ಕಾಣಬೇಕಾದದ್ದು ಈ ಚಿತ್ರ, ಕಾಣುತ್ತಿರುವುದು ಆ ಚಿತ್ರ, ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು. ಜೊತೆಗೆ ಒಂದು ಪದ ಮಾತ್ರವಿರುವ ಮಾದರಿ ಕಡತ. ಕನ್ನಡದ ಒಂದಕ್ಷರವೂ ತಿಳಿಯದವರು ಎರಡು ಚಿತ್ರಗಳನ್ನು ಹೋಲಿಸಿ ದೋಷವನ್ನು ಕಾಣಬಹುದಾಗಿತ್ತು.

ಆಮೇಲೆ ಇನ್ನೊಬ್ಬ ಸ್ವಯಂಸೇವಕಿ ಅದೇ ಹೆಜ್ಜೆಗಳನ್ನು ತಮ್ಮ ಗಣಕದಲ್ಲಿ ಹಿಡಿದು, ಕೆಳಗೆ ಒಂದು ಸಾಲು ಬರೆದರು: 'ಹೌದು, ನನ್ನಲ್ಲೂ ಹೀಗೆಯೇ ಆಗುತ್ತಿದೆ.' ಈ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತನ್ನು ನಾನು ಕಂಡಿಲ್ಲ. ಲಿಬ್ರೆಆಫೀಸ್ ಎಂಬ ಕಚೇರಿ ಕೆಲಸದ ಮುಕ್ತ ತಂತ್ರಾಂಶದ ಯೋಜನೆಯಲ್ಲಿ ಇದೇ ಪದ್ಧತಿ. ಅಲ್ಲಿ ಹೊಸ ವರದಿ 'ದೃಢಪಡದ್ದು' ಎಂಬ ಗುರುತಿನೊಂದಿಗೆ ಶುರುವಾಗುತ್ತದೆ. ವರದಿ ಮಾಡಿದವರಲ್ಲದ ಇನ್ನೊಬ್ಬರು ಅದನ್ನು ತಮ್ಮಲ್ಲಿ ಕಂಡ ಮೇಲೆಯೇ ಮುಂದಿನ ಹಂತಕ್ಕೆ ಏರಬೇಕು. ಹೀಗೆ ಸೋಸಿ ಬಂದದ್ದನ್ನು ಅಭಿವರ್ಧಕರು ನಂಬಿ ಕೈಗೆತ್ತಿಕೊಳ್ಳುತ್ತಾರೆ.

ಇದರ ಎದುರು ಮುಖ ಮೌನ. ಬಹಳ ಹಿಂದೆ ನಾನು ಬರೆದ ಮೊಟ್ಟಮೊದಲ ವರದಿಗೆ ಒಂದು ಸಂಜೆಯಿಡೀ ಕೂತು ಚಿತ್ರಗಳನ್ನು ಜೋಡಿಸಿದ್ದೆ. ವರ್ಷ ಕಳೆದರೂ ಯಾರೂ ಉತ್ತರಿಸಲಿಲ್ಲ. ಕೊನೆಗೊಂದು ದಿನ ಯಂತ್ರವೇ ಬರೆದ ಸಂದೇಶ ಬಂತು: ಈ ಆವೃತ್ತಿ ಹಳೆಯದಾಗಿದೆ, ಆದ್ದರಿಂದ ವರದಿಯನ್ನು ಮುಚ್ಚಲಾಗಿದೆ. ಆ ಯೋಜನೆಗೆ ನಾನು ಮತ್ತೆ ಒಂದು ವರದಿಯನ್ನೂ ಬರೆದಿಲ್ಲ. ಸಿಟ್ಟಿನಿಂದಲ್ಲ. ಬರೆದರೆ ಓದುವವರಿದ್ದಾರೆ ಎಂಬ ನಂಬಿಕೆ ಹೋಯಿತು.

ಹೀಗಾಗಿ ಹೊಸ ಬಳಗ ಕಟ್ಟಲು ಹೊರಟವರಿಗೆ ನಾನು ಮೊದಲು ಕೇಳುವುದು, ಬರುವ ವರದಿಗಳಿಗೆ ಉತ್ತರಿಸುವವರು ಯಾರು ಎಂದು. ಹತ್ತು ಜನರಿದ್ದರೆ ಮೂವರನ್ನು ಅದಕ್ಕೇ ಮೀಸಲಿಡಿ. ಅವರು ದೋಷ ಹುಡುಕುವುದು ಬೇಡ. ಬಂದದ್ದನ್ನು ಓದಲಿ, ಮರುಪ್ರಶ್ನೆ ಕೇಳಲಿ, ಒಂದೇ ದೋಷದ ಎರಡು ವರದಿಗಳಿದ್ದರೆ ಕೂಡಿಸಲಿ, ತಮ್ಮಲ್ಲೂ ಆಗುತ್ತದೆಯೇ ಎಂದು ನೋಡಲಿ. ಎರಡು ದಿನದೊಳಗೆ ಒಬ್ಬ ಮನುಷ್ಯನ ಉತ್ತರ ಸಿಕ್ಕವರು ಮತ್ತೆ ಬರುತ್ತಾರೆ. 'ನಕಲು ವರದಿ' ಎಂದಷ್ಟೇ ಬರೆದು ಮುಚ್ಚುವುದೂ ಒಂದು ಬಗೆಯ ಮೌನವೇ. 'ಇದು ನಿನ್ನೆ ಇನ್ನೊಬ್ಬರಿಗೂ ಕಂಡಿದೆ, ನಿಮ್ಮ ಮಾದರಿ ಕಡತವನ್ನು ಅಲ್ಲಿಗೆ ಸೇರಿಸಿದ್ದೇನೆ' ಎಂದು ಬರೆಯಲು ಅರ್ಧ ನಿಮಿಷ ಹೆಚ್ಚು ಬೇಕು, ಅಷ್ಟೇ.

ಜನರನ್ನು ಒಂದೇ ದಿನ ಕೂಡಿಸುವ ಕ್ರಮವೂ ಇದೆ. ಫೆಡೋರಾ ಯೋಜನೆಯವರು ನಡೆಸುವ ಪರೀಕ್ಷಾ ದಿನಗಳು ಇದಕ್ಕೆ ಒಳ್ಳೆಯ ಮಾದರಿ. ಒಂದು ದಿನ, ಒಂದು ವಿಷಯ. ಧ್ವನಿ ಎಂದರೆ ಧ್ವನಿ ಮಾತ್ರ, ಹೊಸ ಕರ್ನಲ್ ಎಂದರೆ ಅದು ಮಾತ್ರ. ಮಾಡಬೇಕಾದ ಪರೀಕ್ಷೆಗಳ ಪಟ್ಟಿ, ಫಲಿತಾಂಶ ತುಂಬುವ ಕೋಷ್ಟಕ ಮೊದಲೇ ಸಿದ್ಧ. ಆ ದಿನ ಸಂಬಂಧಪಟ್ಟ ಅಭಿವರ್ಧಕರು ಹರಟೆ ಕೋಣೆಯಲ್ಲಿ ಸಿಗುತ್ತಾರೆ. ಇಡೀ ತಂತ್ರಾಂಶವನ್ನು ಬಳಸಿ ನೋಡಿ ಎಂದರೆ ಯಾರಿಗೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ. ಈ ಆರು ಪರೀಕ್ಷೆ ಮಾಡಿ, ಒಂದು ಗಂಟೆ ಸಾಕು ಎಂದರೆ ಬಿಡುವಿಲ್ಲದವರೂ ಮಾಡಿ ಮುಗಿಸುತ್ತಾರೆ.

ಹಾಗೆ ಕರೆಯುವಾಗ ಅಪಾಯವನ್ನು ಮುಚ್ಚಿಡಬಾರದು. ಬಿಡುಗಡೆಯಾಗದ ತಂತ್ರಾಂಶ ಕಡತಗಳನ್ನು ಕೆಡಿಸಬಲ್ಲದು, ಗಣಕ ಏಳದಂತೆಯೂ ಮಾಡಬಲ್ಲದು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ವರ್ಚುವಲ್ ಯಂತ್ರದಲ್ಲಿ, ಎಂದರೆ ಗಣಕದೊಳಗೇ ಬೇರೆಯಾಗಿ ನಡೆಯುವ ಕಲ್ಪಿತ ಗಣಕದಲ್ಲಿ, ನೋಡಿ ಎಂಬ ಮಾತು ಆಹ್ವಾನದ ಮೊದಲ ಸಾಲಿನಲ್ಲೇ ಇರಬೇಕು. ಲಿಬ್ರೆಆಫೀಸ್‌ನ ಪರೀಕ್ಷಾ ಆವೃತ್ತಿಯನ್ನು ಸ್ಥಿರ ಆವೃತ್ತಿಯ ಪಕ್ಕದಲ್ಲೇ, ಅದನ್ನು ಮುಟ್ಟದಂತೆ ಸ್ಥಾಪಿಸಬಹುದು. ಇಂಥ ಏರ್ಪಾಟು ಮಾಡಿಕೊಡುವುದು ಯೋಜನೆಯ ಹೊಣೆ. ಸ್ವಯಂಸೇವಕರೊಬ್ಬರ ಮದುವೆಯ ಚಿತ್ರಗಳು ನಮ್ಮ ಪರೀಕ್ಷೆಯಿಂದ ಹಾಳಾದರೆ ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಕೋಡ್ ಬರೆಯಲು ಬಾರದವರು ಇಲ್ಲಿ ಏನು ಮಾಡಬಲ್ಲರು ಎಂದು ಬಹಳ ಜನ ಕೇಳುತ್ತಾರೆ. ಹಿಂದಿನ ತಿಂಗಳು ಸರಿಯಿದ್ದದ್ದು ಈ ತಿಂಗಳು ಕೆಟ್ಟಿದೆ ಎಂದುಕೊಳ್ಳಿ. ನಡುವೆ ಸಾವಿರ ಬದಲಾವಣೆಗಳಾಗಿವೆ. ನಟ್ಟನಡುವಿನ ಆವೃತ್ತಿಯನ್ನು ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ತಪ್ಪು ಆಮೇಲಿನ ಅರ್ಧದಲ್ಲಿದೆ, ಕೆಟ್ಟಿದ್ದರೆ ಮೊದಲ ಅರ್ಧದಲ್ಲಿ. ಉಳಿದದ್ದನ್ನು ಮತ್ತೆ ಅರ್ಧ ಮಾಡಿ. ಹತ್ತು ಸಲ ಹೀಗೆ ನೋಡಿದರೆ ಸಾವಿರದಲ್ಲಿ ತಪ್ಪಿತಸ್ಥ ಬದಲಾವಣೆ ಯಾವುದೆಂದು ಸಿಕ್ಕಿಬಿಡುತ್ತದೆ. ಇದಕ್ಕೆ ಬೈಸೆಕ್ಟ್ ಎನ್ನುತ್ತಾರೆ. ಫೈರ್‌ಫಾಕ್ಸ್‌ನ ಪರೀಕ್ಷಕರಿಗೆ ಇದನ್ನು ತಾನೇ ನಡೆಸಿಕೊಡುವ ಮೊಝ್‌ರಿಗ್ರೆಶನ್ ಎಂಬ ಸಲಕರಣೆಯಿದೆ. ಪ್ರತಿ ಸಲ ಒಂದು ಆವೃತ್ತಿ ತೆರೆದುಕೊಳ್ಳುತ್ತದೆ, ನೀವು ಸರಿ ಅಥವಾ ತಪ್ಪು ಎಂದು ಉತ್ತರಿಸಬೇಕು. ನಮ್ಮ 'ರ‍್ಯಾಂಕ್' ದೋಷಕ್ಕೂ ಹೀಗೆಯೇ ಮಾಡಿದೆವು. ಒಂದಕ್ಷರ ಕೋಡ್ ಓದದ ಆ ಹೊಸಬರೇ ಒಂದು ಮಧ್ಯಾಹ್ನದಲ್ಲಿ ಅದರ ಮೂಲ ಹಿಡಿದರು.

ಪರೀಕ್ಷಕರ ಮಾತಿಗೆ ಬಿಡುಗಡೆಯ ದಿನವನ್ನು ಮುಂದೂಡುವಷ್ಟು ಬಲವಿರಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಶಾಸ್ತ್ರಕ್ಕೆ ಮಾತ್ರ. ಫೆಡೋರಾದಲ್ಲಿ ಬಿಡುಗಡೆಗೆ ಮುಂಚೆ ಹೋಗೋಣವೇ ಬೇಡವೇ ಎಂದು ತೀರ್ಮಾನಿಸುವ ಸಭೆಯಿದೆ, ಅಲ್ಲಿ ಗುಣಮಟ್ಟದ ತಂಡಕ್ಕೆ ಸ್ಥಾನವಿದೆ. ಬಿಡುಗಡೆಗೆ ಅಡ್ಡ ನಿಲ್ಲುವ ದೋಷ ಯಾವುದು ಎಂಬುದನ್ನು ಮೊದಲೇ ಬರೆದಿಟ್ಟ ಮಾನದಂಡಗಳಿಂದ ಅಳೆಯುತ್ತಾರೆ. 2012ರ ನವೆಂಬರ್‌ಗೆ ನಿಗದಿಯಾಗಿದ್ದ ಫೆಡೋರಾ 18, ಹೊಸದಾಗಿ ಬರೆದ ಇನ್‌ಸ್ಟಾಲರ್ ಹದಕ್ಕೆ ಬಾರದ ಕಾರಣ ಮತ್ತೆ ಮತ್ತೆ ಮುಂದೆ ಹೋಗಿ 2013ರ ಜನವರಿ 15ರಂದು ಹೊರಬಂತು. ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ 6.06 ಆವೃತ್ತಿಯ ಹೆಸರಲ್ಲೇ, ಎಂದರೆ ವರ್ಷ ಮತ್ತು ತಿಂಗಳಿನ ಅಂಕೆಗಳಲ್ಲೇ, ಅಂಥ ವಿಳಂಬ ದಾಖಲಾಗಿದೆ: 2006ರ ನಾಲ್ಕನೆಯ ತಿಂಗಳಿನಲ್ಲಿ ಬರಬೇಕಾದದ್ದು ಇನ್ನಷ್ಟು ಮಾಗಲೆಂದು ಆರನೆಯ ತಿಂಗಳಿಗೆ ಹೋಯಿತು. ಈ ಎರಡು ವಿಳಂಬಗಳನ್ನು ನಾನು ಗೌರವದಿಂದ ನೆನೆಯುತ್ತೇನೆ.

'ರ‍್ಯಾಂಕ್' ಮುಂದೇನಾಯಿತು ಎಂದು ಹೇಳಿಬಿಡುತ್ತೇನೆ. ತಿದ್ದುಪಡಿ ಬರೆದವರು ವರದಿಯ ಕೆಳಗೆ, ನಾಳೆಯ ಆವೃತ್ತಿಯಲ್ಲಿ ಇದು ಸೇರುತ್ತದೆ, ದಯವಿಟ್ಟು ನೋಡಿ ತಿಳಿಸಿ ಎಂದು ನಮ್ಮ ಹೊಸಬರ ಹೆಸರು ಹಿಡಿದು ಕೇಳಿದರು. ಮರುದಿನ ಅವರು ಹೊಸ ಆವೃತ್ತಿಯನ್ನು ಇಳಿಸಿಕೊಂಡು ಆ ಪದವನ್ನು ಬರೆದರು, ಉಳಿಸಿದರು, ಮುಚ್ಚಿದರು, ತೆರೆದರು. ರಕಾರ ತನ್ನ ಜಾಗದಲ್ಲಿತ್ತು, ಯಕಾರದ ಒತ್ತು ಅದರ ಕೆಳಗಿತ್ತು. ವರದಿಯ ಸ್ಥಿತಿಯನ್ನು 'ಪರಿಶೀಲಿಸಲಾಗಿದೆ' ಎಂದು ಬದಲಾಯಿಸಿದವರೂ ಅವರೇ. ಅದೇ ವಾರ ಇನ್ನಾರೋ ಬರೆದ ವರದಿಯೊಂದರ ಕೆಳಗೆ ಅವರ ಹೆಸರು ಕಂಡಿತು. ಬರೆದದ್ದು ಒಂದೇ ಸಾಲು: 'ಹೌದು, ನನ್ನಲ್ಲೂ ಹೀಗೆಯೇ ಆಗುತ್ತಿದೆ.'