ಕಂಟೇನರ್ ಗೋಡೆ ಕತ್ತರಿಸಿದರೆ ಏನಾಗುತ್ತೆ?

[ದೃಶ್ಯ: ವೈಟ್‌ಫೀಲ್ಡ್ ರಸ್ತೆಯಲ್ಲಿ ಟ್ರೇಲರ್ ಮೇಲೆ ಸಾಗುವ ಕಂಟೇನರ್]

ನಮಸ್ಕಾರ. ಹೆಣ್ಣೂರು ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಹಳೇ ನಲವತ್ತು ಅಡಿ ಕಂಟೇನರ್‌ನಲ್ಲಿ ಕೆಫೆ ಮಾಡ್ತಿದ್ದೀನಿ. ಒಂದು ಪಕ್ಕದ ಗೋಡೆ ಪೂರ್ತಿ ತೆಗೆಸಿ ಗಾಜು ಹಾಕಿಸಬೇಕು. ಉಕ್ಕಿನ ಡಬ್ಬ ತಾನೇ, ಏನೂ ಆಗಲ್ಲ ಅಲ್ವಾ?"

ಆಗುತ್ತೆ ಸಾರ್.

ಇತಿಹಾಸ ಬೇಗ ಮುಗಿಸುತ್ತೇನೆ. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 58 ಡಬ್ಬಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿಗೆ ಏರಿಸಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಹೆಸರು ಬಂದದ್ದು ಅವರಿಗೆ. ನನ್ನ ಓಟು ಮಾತ್ರ ಅವರ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್‌ಗೆ. ಯಾಕೆ ಅಂತ ಈಗ ಹೇಳುತ್ತೇನೆ. ಅಂದಹಾಗೆ, ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾಗಿದ್ದು ಸಮುದ್ರವೇ ಇಲ್ಲದ ನಮ್ಮ ಬೆಂಗಳೂರಿನಲ್ಲಿ!

[ಕ್ಲೋಸಪ್: ಕಂಟೇನರ್ ಮೂಲೆ]

ಈ ತೂತುಗಳಿರುವ ಗಟ್ಟಿ ಉಕ್ಕಿನ ತುಂಡು ನೋಡಿ. ಇದೇ ಕಾರ್ನರ್ ಕಾಸ್ಟಿಂಗ್. 178 ಮಿ.ಮೀ. ಉದ್ದ, 162 ಅಗಲ, 118 ಎತ್ತರ. ಎಂಟು ಮೂಲೆಗೆ ಎಂಟು. ಕ್ರೇನ್ ಹಿಡಿಯುವುದು ಇಲ್ಲಿ, ಟ್ರೇಲರ್‌ಗೆ ಲಾಕ್ ಆಗುವುದೂ ಇಲ್ಲೇ. ಟ್ಯಾಂಟ್ಲಿಂಗರ್ ತಲೆ ಓಡಿಸಿದ್ದು ಈ ಮೂಲೆ ಮತ್ತು ಲಾಕ್ ಮೇಲೆ. ಮೇಲಿನ ಮೂಲೆಗಳು ಚಾವಣಿಗಿಂತ ಸುಮಾರು ಆರು ಮಿ.ಮೀ. ಎತ್ತರ ಇರುತ್ತವೆ. ಅಂದರೆ ಮೇಲೆ ಕೂರುವ ಡಬ್ಬ ಕೆಳಗಿನದರ ಚಾವಣಿಯನ್ನು ಮುಟ್ಟುವುದೇ ಇಲ್ಲ! ಅಷ್ಟೂ ಭಾರ ನಾಲ್ಕು ಮೂಲೆ ಕಂಬಗಳಲ್ಲೇ ಕೆಳಗಿಳಿಯುತ್ತದೆ.

[ಕ್ಲೋಸಪ್: ಬಾಗಿಲಿನ ಮೇಲಿನ ಪ್ಲೇಟ್]

ಎಷ್ಟು ಭಾರ? ಬಾಗಿಲಿನ ಪ್ಲೇಟ್ ಓದಿ. ತುಂಬಾ ಡಬ್ಬಗಳಲ್ಲಿ 1,92,000 ಕೆ.ಜಿ. ಅಂತ ಇರುತ್ತದೆ. 24 ಟನ್‌ನ ಎಂಟು ಡಬ್ಬಗಳನ್ನು ತಲೆ ಮೇಲೆ ಹೊತ್ತ ಲೆಕ್ಕ. ಹಡಗು ಏಳುತ್ತಾ ಬೀಳುತ್ತಾ ಇರುತ್ತದಲ್ಲ, ಅದಕ್ಕೆ ಈ ಭಾರವನ್ನು 1.8 ಪಟ್ಟು ಅಂತ ಹಿಡಿದು ನಾಲ್ಕು ಕಂಬಕ್ಕೆ ಹಂಚುತ್ತಾರೆ. ಒಂದೊಂದು ಕಂಬದ ಪಾಲಿಗೆ 86,400 ಕೆ.ಜಿ.! ಪರೀಕ್ಷೆಯಲ್ಲಿ ಈ ಭಾರವನ್ನು ನೆಟ್ಟಗೂ ಇಡುವುದಿಲ್ಲ. ಬೇಕಂತಲೇ ಅಡ್ಡಕ್ಕೆ 25 ಮಿ.ಮೀ., ಉದ್ದಕ್ಕೆ 38 ಮಿ.ಮೀ. ಸರಿಸಿ ಒತ್ತುತ್ತಾರೆ. ಬಂದರಿನಲ್ಲಿ ಯಾರೂ ಸ್ಕೇಲ್ ಹಿಡಿದು ಜೋಡಿಸುವುದಿಲ್ಲ ಅಂತ ಅವರಿಗೆ ಗೊತ್ತು.

ಅದೇ ಡಬ್ಬದ ಚಾವಣಿಯ ಪರೀಕ್ಷೆ ಎಷ್ಟಕ್ಕೆ ಗೊತ್ತಾ? ಎರಡಡಿಗೆ ಒಂದಡಿ ಜಾಗದ ಮೇಲೆ 300 ಕೆ.ಜಿ. ಅಷ್ಟೇ. ತಗಡಿನ ದಪ್ಪ ಸುಮಾರು ಎರಡು ಮಿ.ಮೀ.

ಹಾಗಾದರೆ ಗೋಡೆ ಸುಮ್ನೆ ಪರದೆಯಾ? ಅಲ್ಲ. ಇಲ್ಲೇ ಮಜಾ ಇರೋದು.

[ದೃಶ್ಯ: ಟೇಬಲ್ ಮೇಲೆ ಎರಡು ಲೋಟ, ಒಂದು ಉದ್ದನೆಯ ಸ್ವೀಟ್ ಬಾಕ್ಸ್]

ಇದು ಮೈಸೂರು ಪಾಕ್ ಡಬ್ಬ. ಗಟ್ಟಿ ಮೈಸೂರು ಪಾಕ್, ಬಾಯಲ್ಲಿ ಕರಗುವ ಥರದ್ದು ಈ ಪ್ರಯೋಗಕ್ಕೆ ನಾಲಾಯಕ್ಕು. ಎರಡು ತುದಿಗೂ ಲೋಟ ಕೊಟ್ಟಿದ್ದೇನೆ, ನಡುವೆ ಖಾಲಿ. ಒಂದು ಕೆ.ಜಿ. ತುಂಬಿದೆ. ಬಗ್ಗಿತಾ? ಇಲ್ಲ. ಈಗ ಉದ್ದದ ಒಂದು ಪಕ್ಕವನ್ನು ಬ್ಲೇಡಿನಿಂದ ಕತ್ತರಿಸುತ್ತೇನೆ. ನೋಡಿ, ನೋಡಿ... ಆ ಕಡೆ ತಳ ಹೊಟ್ಟೆ ಬಿಟ್ಟುಕೊಂಡಿತು. ತಳಕ್ಕೆ ನಾನು ಕೈಯನ್ನೇ ಹಚ್ಚಿಲ್ಲ! ಭಾರವನ್ನು ಎತ್ತಿ ಹಿಡಿದಿದ್ದು ಆ ಎತ್ತರದ ಪಕ್ಕ. ತೊಲೆಯ ಕೆಲಸ ಅದೇ ಮಾಡುತ್ತಿತ್ತು. (ಬಿದ್ದ ತುಂಡುಗಳಿಗೆ ಕ್ಯಾಮೆರಾಮನ್ ಜವಾಬ್ದಾರಿ.)

ಕಂಟೇನರ್‌ನಲ್ಲೂ ಇದೇ ಕಥೆ. ಗೋಡೆಯ ತಗಡು ಬರೀ 1.6 ಮಿ.ಮೀ. ಆದರೆ ಮಡಿಕೆ ಮಡಿಕೆಯಾಗಿ ಮಡಚಿರುವುದರಿಂದ ಸುಲಭಕ್ಕೆ ಮುದುಡುವುದಿಲ್ಲ. ಮೇಲೊಂದು ರೈಲು (ಅಂಚಿನುದ್ದಕ್ಕೂ ಹೋಗುವ ಉಕ್ಕಿನ ಪಟ್ಟಿ), ಕೆಳಗೊಂದು ರೈಲು, ನಡುವೆ ಈ ತಗಡು. ಎಂಟು ಅಡಿಗೂ ಹೆಚ್ಚು ಎತ್ತರದ ತೊಲೆ! ಅದನ್ನು ತೆಗೆದರೆ ಉಳಿಯುವುದು ನಲವತ್ತು ಅಡಿ ಉದ್ದದ ತೆಳ್ಳನೆಯ ರೈಲು. ಅದರ ಮೇಲೆ ಕೌಂಟರ್, ಫ್ರಿಜ್, ಫಿಲ್ಟರ್ ಕಾಫಿಗೆ ಕ್ಯೂ ನಿಂತ ಜನ.

ಹಾಗಂತ ಕತ್ತರಿಸಲೇಬಾರದು ಅಂತಲ್ಲ. ತೆರೆದ ಜಾಗದ ಸುತ್ತ ಚೌಕ ಪೈಪಿನ ಚೌಕಟ್ಟು ಬೆಸುಗೆ ಹಾಕಿಸಿ, ನಡುವೆ ಕಂಬ ಕೊಡಿಸಿ, ಕೆಳಗಿನ ರೈಲಿಗೂ ಅಲ್ಲಲ್ಲಿ ಆಧಾರ ಇಡಿಸಿ. ಚೌಕಟ್ಟು ಮೊದಲು, ಗೋಡೆ ಕತ್ತರಿಸುವ ಗ್ರೈಂಡರ್ ಆಮೇಲೆ. ಲೆಕ್ಕ ಮಾಡಲು ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಫ್ಯಾಬ್ರಿಕೇಶನ್ ಅಂಗಡಿಯವರ "ನೋಡ್ಕೋತೀವಿ ಬಿಡಿ ಸಾರ್" ಸಾಲದು.

ಟೈಮ್ ಆಯಿತು, ಉಳಿದ ಪ್ರಶ್ನೆಗಳು ಒಂದೇ ಉಸಿರಿನಲ್ಲಿ. ಮಣ್ಣಲ್ಲಿ ಹೂತು ನೆಲಮಾಳಿಗೆ ಮಾಡಬಹುದಾ? ಬೇಡ. ಮಣ್ಣು ಒತ್ತುವುದು ತೆಳು ಗೋಡೆಯನ್ನು ಮತ್ತು ಚಾವಣಿಯನ್ನು, ಕಂಬವನ್ನಲ್ಲ. ಬಾಗಿಲು ಬಿಗಿಯಾಗಿದೆಯಾ? ಮೊದಲು ನೆಲದ ಮಟ್ಟ ನೋಡಿ. ಒಂದು ಮೂಲೆ ಕುಸಿದರೆ ಚೌಕಟ್ಟು ಓರೆಯಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ನೆಲದ ಪ್ಲೈವುಡ್? 28 ಮಿ.ಮೀ. ದಪ್ಪ, ಗಟ್ಟಿಮುಟ್ಟು. ಆದರೆ ಹುಳ ಹಿಡಿಯದಂತೆ ಕೀಟನಾಶಕ ಹಾಕಿರುತ್ತಾರೆ. ಯಾವುದು ಅಂತ ಬಾಗಿಲಿನ ಪ್ಲೇಟ್‌ನಲ್ಲೇ ನಮೂದಾಗಿರುತ್ತದೆ. ತಿಂಡಿ ಮಾರುವ ಜಾಗ ಅಂದಮೇಲೆ ಅದನ್ನು ಕಿತ್ತು ಹೊಸದು ಹಾಕಿಸಿಬಿಡಿ.