ಸೌರ ವಿದ್ಯುತ್ತು ನೇರವಾಗಿ ರೈಲಿನ ತಂತಿಗೆ: ಸಬ್‌ಸ್ಟೇಷನ್ನಿನ ತೊಡಕು

ಮಾನ್ಯ ಸಭಿಕರೇ,

ನೆದರ್ಲೆಂಡ್ಸ್‌ನ ವಿದ್ಯುತ್ ರೈಲುಗಳು 2017ರ ಜನವರಿಯಿಂದ ಸಂಪೂರ್ಣವಾಗಿ ಪವನ ವಿದ್ಯುತ್ತಿನಿಂದ ಓಡುತ್ತಿವೆ ಎಂಬ ಸುದ್ದಿಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದು ಸುಳ್ಳಲ್ಲ, ಆದರೆ ಲೆಕ್ಕಪತ್ರದ ಮಟ್ಟಿಗೆ ನಿಜ. ರೈಲುಗಳು ವರ್ಷಕ್ಕೆ ಬಳಸುವಷ್ಟು ಯೂನಿಟ್‌ಗಳನ್ನು ಗಾಳಿಯಂತ್ರಗಳು ಗ್ರಿಡ್‌ಗೆ ಸೇರಿಸುತ್ತವೆ, ರೈಲುಗಳು ತಮಗೆ ಬೇಕಾದಾಗ ಅದೇ ಗ್ರಿಡ್‌ನಿಂದ ಪಡೆಯುತ್ತವೆ. ಗಾಳಿ ಬಿದ್ದ ರಾತ್ರಿಯೂ ರೈಲು ನಿಲ್ಲುವುದಿಲ್ಲ. ಇಂದು ನಾನು ಎತ್ತಿಕೊಂಡಿರುವುದು ಇದಕ್ಕಿಂತ ಕಿರಿದಾದ, ಆದರೆ ಕಠಿಣವಾದ ಪ್ರಶ್ನೆ: ಸಾರ್ವಜನಿಕ ಗ್ರಿಡ್‌ನ ಹಂಗಿಲ್ಲದೆ ಬಿಸಿಲು, ಗಾಳಿ, ನೀರಿನಿಂದ ಹುಟ್ಟುವ ವಿದ್ಯುತ್ತನ್ನು ರೈಲಿನ ತಂತಿಗೇ ಹರಿಸಬಹುದೇ?

ಜಲವಿದ್ಯುತ್ತಿನ ಮಟ್ಟಿಗೆ ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಸ್ವೀಡನ್ನಿನ ಉತ್ತರದಲ್ಲಿ ಕಬ್ಬಿಣದ ಅದಿರು ಸಾಗಿಸುವ ಕಿರುನಾ ಮಾರ್ಗಕ್ಕೆ 1915ರಲ್ಲಿ ಪೊರ್ಯುಸ್ ಜಲವಿದ್ಯುತ್ ಕೇಂದ್ರದಿಂದ ವಿದ್ಯುತ್ತು ಬಂತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಅಭಾವವನ್ನು ಉಂಡಿದ್ದ ಸ್ವಿಟ್ಜರ್ಲೆಂಡ್, 1920ರ ಹೊತ್ತಿಗೆ ಗೋಥಾರ್ಡ್ ಮಾರ್ಗಕ್ಕಾಗಿ ರಿಟೋಮ್ ಕೇಂದ್ರವನ್ನು ಸಿದ್ಧಪಡಿಸಿತು. ಇಂದಿಗೂ ಅಲ್ಲಿನ ರೈಲ್ವೆಗೆ ತನ್ನದೇ ಜಲವಿದ್ಯುತ್ ಕೇಂದ್ರಗಳೂ 16.7 ಹರ್ಟ್ಸ್ ಆವರ್ತನದ ಪ್ರತ್ಯೇಕ ಜಾಲವೂ ಇವೆ. ಅಣೆಕಟ್ಟಿನ ಹಿಂದೆ ನಿಂತ ನೀರನ್ನು ರೈಲು ಬಂದಾಗ ಬಿಡಬಹುದು ಎಂಬುದೇ ಈ ಏರ್ಪಾಡಿನ ಬಲ. ಬಿಸಿಲಿಗೂ ಗಾಳಿಗೂ ಆ ಸೌಲಭ್ಯವಿಲ್ಲ.

ಬೋಗಿಗಳ ಮೇಲೆಯೇ ಸೌರ ಫಲಕ ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ಒಂದು ಬೋಗಿಯ ಚಾವಣಿ ಹೆಚ್ಚೆಂದರೆ 70 ಚದರ ಮೀಟರ್. ನಡುಹಗಲಿನ ಒಳ್ಳೆಯ ಬಿಸಿಲಿನಲ್ಲಿ ಅಲ್ಲಿ ಹುಟ್ಟುವುದು ಸುಮಾರು 14 ಕಿಲೋವ್ಯಾಟ್. ಇಪ್ಪತ್ತು ಬೋಗಿಗಳದ್ದು ಸೇರಿದರೂ 280 ಕಿಲೋವ್ಯಾಟ್, ಎಳೆಯುವ ಇಂಜಿನ್ನಿಗೆ ಬೇಕಾಗುವುದು 4,500. ದೀಪ, ಫ್ಯಾನುಗಳಿಗೆ ಅದು ಸಾಕು. ರೈಲು ಎಳೆಯುವ ವಿಚಾರದಲ್ಲಿ ಅದನ್ನು ಇಲ್ಲಿಗೇ ಬಿಡೋಣ.

ಹಾಗಾಗಿ ಫಲಕಗಳು ಹಳಿಯ ಪಕ್ಕದ ನೆಲದಲ್ಲಿ ಇರಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ರೈಲುಗಳು 750 ವೋಲ್ಟ್ ಡಿ.ಸಿ. ವಿದ್ಯುತ್ತನ್ನು, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು, ಪಕ್ಕದಲ್ಲಿ ಹಾಕಿದ ಮೂರನೆಯ ಹಳಿಯಿಂದ ಪಡೆಯುತ್ತವೆ. ಫಲಕವೂ ಡಿ.ಸಿ.ಯನ್ನೇ ಕೊಡುವುದರಿಂದ ಅದನ್ನು ಎ.ಸಿ. (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು) ಮಾಡಿ ಗ್ರಿಡ್‌ಗೆ ಏರಿಸಿ, ಮತ್ತೆ ಇಳಿಸಿ ಡಿ.ಸಿ. ಮಾಡುವ ಸುತ್ತು ತಪ್ಪುತ್ತದೆ. ವೋಲ್ಟೇಜನ್ನು ಹೊಂದಿಸುವ ಒಂದು ಪರಿವರ್ತಕವಿದ್ದರೆ ಸಾಕು. 2019ರ ಆಗಸ್ಟ್‌ನಲ್ಲಿ ಆಲ್ಡರ್‌ಶಾಟ್ ಬಳಿ ಸುಮಾರು 30 ಕಿಲೋವ್ಯಾಟ್‌ನ ಸಣ್ಣ ಘಟಕವೊಂದು ಮಾರ್ಗದ ಸಿಗ್ನಲ್ ಮತ್ತು ದೀಪಗಳಿಗೆ ವಿದ್ಯುತ್ತು ಕೊಡತೊಡಗಿದಾಗ ಅದರ ಹಿಂದಿದ್ದದ್ದು ಈ ಆಸೆಯೇ.

ಇನ್ನು ತೊಡಕಿನ ಮಾತು. ಗ್ರಿಡ್‌ನ ವಿದ್ಯುತ್ತನ್ನು ರೈಲು ಮಾರ್ಗಕ್ಕೆ ಹೊಂದಿಸಿ ಕೊಡುವ ಕೇಂದ್ರವೇ ಸಬ್‌ಸ್ಟೇಷನ್. ಡಿ.ಸಿ. ಮಾರ್ಗದ ಹೆಚ್ಚಿನ ಸಬ್‌ಸ್ಟೇಷನ್‌ಗಳಲ್ಲಿ ಎ.ಸಿ.ಯನ್ನು ಡಿ.ಸಿ.ಗೆ ತಿರುಗಿಸುವುದು ಡಯೋಡ್‌ಗಳು, ಮತ್ತು ಡಯೋಡ್ ಒಂದೇ ದಿಕ್ಕಿನಲ್ಲಿ ವಿದ್ಯುತ್ತನ್ನು ಬಿಡುತ್ತದೆ. ನಿಲ್ದಾಣದಿಂದ ಹೊರಡುವ ರೈಲು ಒಂದೆರಡು ನಿಮಿಷ ಮೆಗಾವ್ಯಾಟ್‌ಗಟ್ಟಲೆ ಎಳೆಯುತ್ತದೆ, ವೇಗ ಹಿಡಿದ ಮೇಲೆ ಬೇಡಿಕೆ ಕುಸಿಯುತ್ತದೆ, ಬ್ರೇಕ್ ಹಾಕುವಾಗ ತಾನೇ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಆ ಗಳಿಗೆಯಲ್ಲಿ ಹತ್ತಿರ ಬೇರೆ ರೈಲಿಲ್ಲದಿದ್ದರೆ ಮಾರ್ಗದ ವೋಲ್ಟೇಜ್ ಏರುತ್ತದೆ, ಫಲಕಗಳ ವಿದ್ಯುತ್ತಿಗೆ ಹೋಗಲು ದಾರಿಯೇ ಇರುವುದಿಲ್ಲ, ಪರಿವರ್ತಕವು ಉತ್ಪಾದನೆಯನ್ನು ಕಡಿತಗೊಳಿಸಬೇಕಾಗುತ್ತದೆ. ಬ್ಯಾಟರಿ ಇಡಬೇಕು, ಇಲ್ಲವೇ ಡಯೋಡ್‌ಗಳ ಜಾಗದಲ್ಲಿ ಎರಡೂ ದಿಕ್ಕಿಗೆ ಕೆಲಸಮಾಡುವ ದುಬಾರಿ ಇನ್ವರ್ಟರ್‌ಗಳನ್ನು ತರಬೇಕು. ಇಂಥ ಯೋಜನೆಗಳ ಜಾಹೀರಾತುಗಳಲ್ಲಿ ಫಲಕಗಳ ಚಿತ್ರವೇ ರಾರಾಜಿಸುತ್ತದೆ. ನನ್ನ ಮಟ್ಟಿಗೆ ಹಣವೂ ಬುದ್ಧಿಯೂ ಖರ್ಚಾಗುವುದು ಬ್ಯಾಟರಿ, ಇನ್ವರ್ಟರ್‌ಗಳ ಈ ಪೆಟ್ಟಿಗೆಗಳಲ್ಲಿ.

25 ಕಿಲೋವೋಲ್ಟ್ ಎ.ಸಿ. ಮಾರ್ಗಗಳ ಕಥೆ ಬೇರೆ. ಅಲ್ಲಿ ಡಿ.ಸಿ.ಯನ್ನು ಒಂದೇ ಫೇಸಿನ ಎ.ಸಿ.ಯಾಗಿ ಬದಲಿಸಿ, ಟ್ರಾನ್ಸ್‌ಫಾರ್ಮರ್‌ನಿಂದ ಏರಿಸಿ, ಮೇಲ್ತಂತಿಯ ವಿದ್ಯುತ್ತಿನ ಲಯಕ್ಕೆ ಕರಾರುವಾಕ್ಕಾಗಿ ಹೊಂದಿಸಬೇಕು. ಸಮಾಧಾನವೆಂದರೆ, ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕಿನ ಹಟವಿಲ್ಲ. ನಿಯಮ ಒಪ್ಪಿದರೆ ಹೆಚ್ಚುವರಿ ವಿದ್ಯುತ್ತು ಗ್ರಿಡ್‌ಗೆ ಮರಳಬಹುದು. ಭಾರತೀಯ ರೈಲ್ವೆಯು ಮಧ್ಯಪ್ರದೇಶದ ಬೀನಾದಲ್ಲಿ 2020ರಲ್ಲಿ ಬಿಎಚ್‌ಇಎಲ್ ಜೊತೆಗೂಡಿ 1.7 ಮೆಗಾವ್ಯಾಟ್‌ನ ಘಟಕದಿಂದ ಮಾಡಹೊರಟದ್ದು ಇದನ್ನೇ. ಅದರ ಅಂದಾಜು ಉತ್ಪಾದನೆ ವರ್ಷಕ್ಕೆ 25 ಲಕ್ಷ ಯೂನಿಟ್. ಒಂದು ದೊಡ್ಡ ಇಂಜಿನ್ ಪೂರ್ಣ ಶಕ್ತಿಯಲ್ಲಿ ಎಡೆಬಿಡದೆ ಓಡಿದರೆ ಅಷ್ಟನ್ನು ಸುಮಾರು 23 ದಿನಗಳಲ್ಲಿ ಮುಗಿಸುತ್ತದೆ.

ಆದ್ದರಿಂದ ಘಟಕದ ಗಾತ್ರವನ್ನು ವರ್ಷದ ಒಟ್ಟು ಯೂನಿಟ್ ನೋಡಿ ನಿರ್ಧರಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ಸಬ್‌ಸ್ಟೇಷನ್ನಿನಲ್ಲಿ ನಡುಹಗಲು ನಿಮಿಷ ನಿಮಿಷಕ್ಕೂ ಇರುವ ಬೇಡಿಕೆಯನ್ನು ಅಳೆದು, ಅದು ಇಳಿಯುವ ಕನಿಷ್ಠ ಮಟ್ಟಕ್ಕೆ ತಕ್ಕಷ್ಟು ಫಲಕಗಳನ್ನು ಮೊದಲು ಹಾಕಬೇಕು. ಕೆಲವೇ ನಿಮಿಷಗಳಿಗೊಂದು ರೈಲು ಓಡುವ ಉಪನಗರ ಮಾರ್ಗಗಳಲ್ಲಿ ಒಂದು ರೈಲು ಬಿಟ್ಟ ವಿದ್ಯುತ್ತನ್ನು ಇನ್ನೊಂದು ಹಿಡಿಯುವುದರಿಂದ ಈ ಮಟ್ಟ ಎತ್ತರದಲ್ಲಿರುತ್ತದೆ. ಗಂಟೆಗೊಂದು ರೈಲಿನ ಮಾರ್ಗದಲ್ಲಿ ಅದು ಸೊನ್ನೆಗೆ ಹತ್ತಿರ. ಅಂಥ ಕಡೆ ಗ್ರಿಡ್‌ಗೆ ಮಾರಿ ಮತ್ತೆ ಕೊಳ್ಳುವ ಡಚ್ಚರ ಲೆಕ್ಕಪತ್ರದ ದಾರಿಯೇ ಅಗ್ಗ.