ಅದೇ ಮುಖ, ಅದೇ ಕಂಬ

ಕೇಳುಗರಿಗೆ ನಮಸ್ಕಾರ. ಹಿಂದೊಮ್ಮೆ ಬೀದಿಯಲ್ಲಿ ಫೋಟೋ ತೆಗೆದವರನ್ನು ವರ್ಷಗಳ ಮೇಲೆ ಹುಡುಕಿ, ಅದೇ ಜಾಗದಲ್ಲಿ ಮತ್ತೆ ತೆಗೆಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ನಸುಕಿಗೇ ಸೇವಂತಿಗೆ ರಾಶಿ ಹಾಕಿಕೊಂಡು ಕೂತವರ ಫೋಟೋ ತೆಗೆದಿದ್ದರೆ, ಅವರು ಮತ್ತೆ ಸಿಗುವುದು ಪವಾಡವೇನಲ್ಲ. ನಾಲ್ಕು ವರ್ಷ ಬಿಟ್ಟು ಹೋದರೂ ಅದೇ ಕಂಬದ ಬುಡದಲ್ಲಿ ಮೊಳ ಹಾಕುತ್ತಿರಬಹುದು. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುತ್ತಿದ್ದವರು ಸಿಕ್ಕರೆ ಮಾತ್ರ ಅದೃಷ್ಟ ಅನ್ನಿ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಪ್ಯಾರಾಮೆಡಿಕ್ ಆಗಿದ್ದ ಕ್ರಿಸ್ ಪೋರ್ಸ್, 1980ರ ಆಸುಪಾಸಿನಲ್ಲಿ ಬೀದಿಯಲ್ಲಿ ತೆಗೆದ ಚಿತ್ರಗಳ ಜನರನ್ನು ದಶಕಗಳ ಮೇಲೆ ಹುಡುಕಿ, ಅದೇ ಭಂಗಿಯಲ್ಲಿ ಮತ್ತೆ ತೆಗೆದರು. ಹಳೆಯ ಚಿತ್ರಗಳನ್ನು ಜೋಪಾನ ಮಾಡಿದ್ದಕ್ಕೇ ಅದು ಸಾಧ್ಯವಾಯಿತು.

ನಮ್ಮಲ್ಲಿ ಎಡವುವುದೇ ಇಲ್ಲಿ. ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನಾಂಕ ಅಳಿಸಿಹೋಗಿರುತ್ತದೆ. ಹಾಗಾಗಿ ಮನೆಗೆ ಬಂದ ದಿನವೇ ಫೋಲ್ಡರಿಗೆ ವರ್ಷ, ತಿಂಗಳು, ದಿನ, ಜಾಗ ಬರೆದುಬಿಡಿ. 4×6 ಇಂಚಿನ ಪ್ರಿಂಟ್ ಎರಡು ಹಾಕಿಸಿ: ಒಂದು ಅವರಿಗೆ, ಒಂದು ನಿಮಗೆ. ಹಿಂಬದಿಯಲ್ಲಿ ಬಾಲ್‌ಪೆನ್ ಒತ್ತಿ ಬರೆದರೆ ಮುಖದ ಮೇಲೇ ಗೆರೆ ಮೂಡುತ್ತದೆ. ಜೆಲ್ ಪೆನ್ನಿನ ಶಾಯಿ ಬೇಗ ಒಣಗದೆ ಕೆಳಗಿನ ಪ್ರಿಂಟಿಗೆ ಅಂಟುತ್ತದೆ.

ಗುರುತು ಹಿಡಿಯುವಾಗ ಗಡ್ಡ, ಕನ್ನಡಕ, ಮೈತೂಕ ನಂಬಬೇಡಿ. ಕಿವಿಯ ಮಡಿಕೆ ನೋಡಿ, ಅದು ಅಷ್ಟು ಸುಲಭಕ್ಕೆ ಬದಲಾಗದು.

ಅದೇ ಚೌಕಟ್ಟಿನಲ್ಲಿ ಮತ್ತೆ ತೆಗೆಯುವುದೇ ನಿಜವಾದ ಕಸರತ್ತು. ಹಳೆಯ ಲೆನ್ಸೇ ಇರಲಿ, ಜೂಮ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಪ್ರಿಂಟಿನಲ್ಲಿ ಹತ್ತಿರದ ಒಂದು ಕಂಬ, ದೂರದ ಒಂದು ಕಿಟಕಿ ಆರಿಸಿಕೊಳ್ಳಿ. ಕಂಬದ ಅಂಚು ಕಿಟಕಿಯನ್ನು ಮುಚ್ಚುತ್ತಿದ್ದದ್ದು ಈಗ ಬಿಟ್ಟು ನಿಂತಿದೆಯೇ? ನೀವು ಪಕ್ಕಕ್ಕೆ ಸರಿದಿದ್ದೀರಿ ಎಂದರ್ಥ. ಅರ್ಧ ಹೆಜ್ಜೆ ಆಚೀಚೆ ಹೋಗಿ ಕೂಡಿಸಿಕೊಳ್ಳಿ. ಎತ್ತರವೂ ಮುಖ್ಯ, ಅಂದು ಕುಕ್ಕರಗಾಲಲ್ಲಿ ಕೂತು ತೆಗೆದದ್ದಾದರೆ ಇಂದೂ ಮೊಣಕಾಲು ನೋಯಿಸಿಕೊಳ್ಳಲೇಬೇಕು. ನೆರಳು ಹೊಂದಬೇಕಾದರೆ ಗಂಟೆಯ ಜೊತೆ ತಿಂಗಳೂ ಅದೇ ಆಗಿರಬೇಕು.

ಮೊದಲು ತೋರಿಸಬೇಕಾದದ್ದು ಪ್ರಿಂಟು, ಕ್ಯಾಮೆರಾ ಅಲ್ಲ. ಚಿತ್ರದಲ್ಲಿ ಪಕ್ಕದಲ್ಲಿದ್ದವರು ಎಲ್ಲಿ ಎಂದು ನೀವಾಗಿ ಕೇಳಬೇಡಿ, ಅವರು ತೀರಿಹೋಗಿರಬಹುದು. ಮತ್ತೆ ತೆಗೆಯುವುದು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಪ್ರಿಂಟು ಕೊಟ್ಟು ಬನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಕೊಡಿ: ಹೂವಿನವರ ಕೈ ಯಾವಾಗಲೂ ಒದ್ದೆ, ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದ ಪ್ರಿಂಟಾದರೆ ಒಂದೇ ಹನಿಗೆ ಬಣ್ಣ ಹರಡಬಹುದು.